ದೋಹಾದಲ್ಲಿ ಸೋತ ಬೆಂಗಳೂರು, ಗೆದ್ದ ಬಾಗ್ದಾದ್

ಫುಟ್‌ಬಾಲ್ ಬಗ್ಗೆ ಏನಾದರೂ ಬರೆಯೋಣ ಅಂತ ಕೂತರೆ ನಮ್ಮ ಕನ್ನಡದ ಓದುಗರು ಎರಡು ಗುಂಪಾಗಿ ಕಾಣಿಸುತ್ತಾರೆ. ಬಾರ್ಸಿಲೋನಾ, ಮ್ಯಾಂಚೆಸ್ಟರ್, ಲಿವರ್‌ಪೂಲ್ ಅಂತ ನಡುರಾತ್ರಿಯಲ್ಲಿ ಎದ್ದು ಟಿವಿ ಹಚ್ಚುವವರದ್ದು ಒಂದು ಗುಂಪು. "ನಮ್ಮಲ್ಲಿ ಫುಟ್‌ಬಾಲ್ ಎಲ್ಲಿದೆ ಬಿಡ್ರೀ" ಅನ್ನುವವರದ್ದು ಇನ್ನೊಂದು. ಇಬ್ಬರನ್ನೂ ನಾನು ಒಂದೇ ಪ್ರಶ್ನೆ ಕೇಳಿ ನೋಡಿದ್ದೇನೆ: ಬೆಂಗಳೂರಿನ ತಂಡವೊಂದು ಏಷ್ಯಾ ಖಂಡದ ಕ್ಲಬ್ ಟೂರ್ನಿಯ ಫೈನಲ್ ಆಡಿದ್ದು ನಿಮಗೆ ಗೊತ್ತಾ? ಮೊದಲನೆಯ ಗುಂಪಿನವರು "ಹೌದು, ಯಾವುದೋ ವರ್ಷ..." ಅಂತ ತಲೆ ಕೆರೆದುಕೊಳ್ಳುತ್ತಾರೆ. ಎರಡನೆಯವರು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ತಮಾಷೆಯಲ್ಲ ಸ್ವಾಮಿ. 2016ರ ನವೆಂಬರ್ 5, ಶನಿವಾರ ರಾತ್ರಿ. ಜಾಗ ಕತಾರ್ ದೇಶದ ದೋಹಾ, ಸುಹೈಮ್ ಬಿನ್ ಹಮದ್ ಕ್ರೀಡಾಂಗಣ. ಒಂದು ಕಡೆ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಇರಾಕಿನ ರಾಜಧಾನಿ ಬಾಗ್ದಾದಿನ ಅಲ್ ಖುವ್ವಾ ಅಲ್ ಜವಿಯಾ. ಈ ಹೆಸರು ನಾಲಿಗೆಗೆ ಕಷ್ಟ, ಆದರೆ ಅರ್ಥ ಸುಲಭ: ವಾಯುಪಡೆ. ಮುಂದೆ ನಾನು ವಾಯುಪಡೆ ತಂಡ ಅಂತಲೇ ಕರೆಯುತ್ತೇನೆ. ಎಎಫ್‌ಸಿ ಕಪ್ ಫೈನಲ್. ನಾವು 0-1ರಿಂದ ಸೋತೆವು.

ಆಮೇಲೆ ಮೂರೇ ದಿನ. ನವೆಂಬರ್ 8ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳು ಟಿವಿಯಲ್ಲಿ ಬಂದು 500, 1000ದ ನೋಟು ಇನ್ನು ನಡೆಯುವುದಿಲ್ಲ ಅಂದರು. ಊರಿಗೆ ಊರೇ ಬ್ಯಾಂಕಿನ ಮುಂದೆ ಸಾಲು ನಿಂತಿತು. ಆ ಸಾಲಿನಲ್ಲಿ ನಿಂತವರು ಎಟಿಎಮ್ಮಿನಲ್ಲಿ ದುಡ್ಡು ಇದೆಯೋ ಇಲ್ಲವೋ ಅಂತ ಮಾತಾಡಿಕೊಂಡರೇ ಹೊರತು ದೋಹಾ ಬಗ್ಗೆ ಯಾಕೆ ಮಾತಾಡುತ್ತಾರೆ? ಒಂದು ದೊಡ್ಡ ಪಂದ್ಯ ಹೀಗೆ ಜನರ ಬಾಯಿಂದ ಜಾರಿಹೋಯಿತು ಅನ್ನುವುದು ನನ್ನ ಲೆಕ್ಕಾಚಾರ.

ನೆನಪಿಟ್ಟುಕೊಂಡವರೂ ಅರ್ಧ ಕಥೆಯನ್ನು ಮಾತ್ರ ನೆನಪಿಟ್ಟುಕೊಂಡರು. ನಮ್ಮವರು ವೀರಾವೇಶದಿಂದ ಆಡಿದರು, ಅದೃಷ್ಟ ಕೈಕೊಟ್ಟಿತು, ಆದರೂ ಇತಿಹಾಸ ಬರೆದರು. ಸರಿ, ಎಲ್ಲ ನಿಜ. ಆದರೆ ಎದುರಿಗಿದ್ದವರು ಯಾರು? ಅವರು ಯಾಕೆ ಆ ರಾತ್ರಿ ಹಾಗೆ ಅತ್ತರು, ಕುಣಿದರು? ಈ ಪಂದ್ಯ ಅರ್ಥವಾಗಬೇಕಾದರೆ ಬೆಂಗಳೂರಿನ ಕಥೆಯ ಜೊತೆಗೆ ಬಾಗ್ದಾದಿನ ಕಥೆಯನ್ನೂ ಓದಬೇಕು ಅಂತ ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಇವತ್ತು ಪುರುಸೊತ್ತು ಸಿಕ್ಕಿದೆ, ಬರೆದುಬಿಡುತ್ತೇನೆ.

ಮೊದಲು ನಮ್ಮೂರು.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದರು, ಅಕ್ಕಪಕ್ಕದ ಕೇರಿಗಳ ಹುಡುಗರು ನೋಡಿ ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು ಹತ್ತಿರದ ಗೌತಮಪುರ, ಈ ಕಡೆ ಇವತ್ತಿಗೂ ಫುಟ್‌ಬಾಲೇ ದೇವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ, ನೋಡಿಲ್ಲದವರು ಒಮ್ಮೆ ಹೋಗಿ ಬನ್ನಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದುಬಂತು. ಅಲ್ಲಿಯವರೆಗೆ ಆ ಕಪ್ಪನ್ನು ಗೋರಾ ಪಲ್ಟನ್ನುಗಳೇ ಹಂಚಿಕೊಳ್ಳುತ್ತಿದ್ದವು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮೂರಿನದು. 1938ರಲ್ಲಿ ಮತ್ತೆ ಗೆದ್ದರು, ಮೊದಲ ಸಲದ್ದು ಲಕ್ಕು ಅಂತ ಯಾರೂ ಹೇಳದ ಹಾಗೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ರಾಜ್ಯದ ಆಟಗಾರ. ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ 'ಪಂಚಪಾಂಡವರು' ಅಂತ ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಅಹ್ಮದ್ ಖಾನ್ ಬೆಂಗಳೂರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿದೆ. ಅದರಲ್ಲಿ ಕೊನೆಯ ಎರಡು ಬೆನ್ನುಬೆನ್ನಿಗೆ, 1967-68 ಮತ್ತು 1968-69ರಲ್ಲಿ.

ಆ ಕೊನೆಯ ಎರಡು ಗೆಲುವುಗಳಿಂದ ಒಂದು ಮಜಾ ಸಂಗತಿ ಹುಟ್ಟಿತು. 1969ರಲ್ಲಿ ಬ್ಯಾಂಕಾಕಿನಲ್ಲಿ ಏಷ್ಯನ್ ಚಾಂಪಿಯನ್ ಕ್ಲಬ್ ಟೂರ್ನಿ ನಡೆಯಿತು. ಬೇರೆ ದೇಶಗಳು ತಮ್ಮ ತಮ್ಮ ಕ್ಲಬ್ಬುಗಳನ್ನು ಕಳಿಸಿದವು. ನಮ್ಮಲ್ಲಿ ಆಗ ರಾಷ್ಟ್ರೀಯ ಲೀಗೇ ಇರಲಿಲ್ಲ (ಅದು ಶುರುವಾಗಿದ್ದು 1996ರಲ್ಲಿ), ಹಾಗಾಗಿ ದೇಶದ ಚಾಂಪಿಯನ್ ಕ್ಲಬ್ ಅಂತ ಯಾವುದನ್ನು ಕಳಿಸುವುದು? ಸಂತೋಷ್ ಟ್ರೋಫಿ ಗೆದ್ದ ರಾಜ್ಯ ತಂಡವನ್ನೇ ಕಳಿಸಿದರು. 'ಮೈಸೂರು ರಾಜ್ಯ' ಅನ್ನುವ ಹೆಸರಿನಲ್ಲಿ ನಮ್ಮ ಹುಡುಗರು ಬ್ಯಾಂಕಾಕಿಗೆ ಹೋದರು! ಇವತ್ತಿಗೂ ಏಷ್ಯಾದ ಕ್ಲಬ್ ಟೂರ್ನಿಗಳ ಹಳೆಯ ಪಟ್ಟಿ ತೆಗೆದರೆ ಟೆಲ್ ಅವೀವ್, ಟೆಹರಾನ್ ಕ್ಲಬ್ಬುಗಳ ನಡುವೆ ಮೈಸೂರು ಸ್ಟೇಟ್ ಅಂತ ಕಾಣಿಸುತ್ತದೆ. ನಾಲ್ಕನೆಯ ಸ್ಥಾನ ಬಂತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಸೋಲಿಸಿದ್ದು ಜಪಾನಿನ ಟೊಯೊ ಕೊಗ್ಯೊ, ಅಂದರೆ ಮಾಜ್ದಾ ಕಾರು ತಯಾರಿಸುವ ಕಂಪನಿಯ ತಂಡ. ಟೂರ್ನಿ ಗೆದ್ದಿದ್ದು ಇಸ್ರೇಲಿನ ಮಕಾಬಿ ಟೆಲ್ ಅವೀವ್.

ನಾಲ್ಕು ವರ್ಷದಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಸಂತೋಷ್ ಟ್ರೋಫಿ ಮತ್ತೆ ನಮಗೆ ಸಿಕ್ಕಿದ್ದು 2023ರ ಮಾರ್ಚಿನಲ್ಲಿ, 54 ವರ್ಷಗಳ ನಂತರ. ಅದೂ ಸೌದಿಯ ರಿಯಾದಿನಲ್ಲಿ, ಮೇಘಾಲಯದ ವಿರುದ್ಧ 3-2ರಿಂದ. ಈ ನಡುವಿನ ಕಾಲದಲ್ಲಿ ನಮ್ಮ ಫುಟ್‌ಬಾಲನ್ನು ಜೀವಂತ ಇಟ್ಟಿದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು.

ಈಗ ಬಾಗ್ದಾದಿಗೆ ಬರೋಣ. ಬರುವ ದಾರಿ ಬ್ಯಾಂಕಾಕಿನ ಮೇಲೇ ಹಾದುಹೋಗುತ್ತದೆ.

ಮೈಸೂರು ಆಡಿದ ಅದೇ ಟೂರ್ನಿ, ಅದೇ ಬ್ಯಾಂಕಾಕ್, ಎರಡು ವರ್ಷ ಕಳೆದು 1971. ಇರಾಕಿನಿಂದ ಪೊಲೀಸರ ತಂಡವೊಂದು, ಆಲಿಯಾತ್ ಅಲ್ ಶುರ್ತಾ, ಬಂದಿತ್ತು. ಫೈನಲ್ ತಲುಪಿತು. ಎದುರಾಳಿ ಮತ್ತೆ ಮಕಾಬಿ ಟೆಲ್ ಅವೀವ್. ಇಸ್ರೇಲಿನ ತಂಡದೊಂದಿಗೆ ನಾವು ಆಡುವುದಿಲ್ಲ ಅಂತ ಇರಾಕಿಗಳು ಮೈದಾನಕ್ಕಿಳಿಯಲಿಲ್ಲ. ಕಪ್ಪು ಆಟವಿಲ್ಲದೆ ಟೆಲ್ ಅವೀವಿಗೆ ಹೋಯಿತು. ಇರಾಕಿನ ಕ್ಲಬ್ಬುಗಳು ಏಷ್ಯಾದ ಕಪ್ಪಿನ ಹೊಸ್ತಿಲಲ್ಲಿ ನಿಂತು ವಾಪಸ್ ಬಂದ ಮೊದಲ ಸಲ ಅದು. ಕೊನೆಯದಂತೂ ಅಲ್ಲ.

1989ರಲ್ಲಿ ಅಲ್ ರಶೀದ್ ಏಷ್ಯನ್ ಕ್ಲಬ್ ಚಾಂಪಿಯನ್‌ಶಿಪ್‌ನ ಫೈನಲಿಗೆ ಬಂತು. ಇದು ಸದ್ದಾಂ ಹುಸೇನನ ಮಗ ಉದೈ ಕಟ್ಟಿಸಿದ ಕ್ಲಬ್. ದೇಶದ ಒಳ್ಳೊಳ್ಳೆ ಆಟಗಾರರನ್ನೆಲ್ಲ ಅದಕ್ಕೇ ಎಳೆದುಕೊಂಡಿದ್ದ. ಸೋತ ಆಟಗಾರರನ್ನು ಜೈಲಿಗೆ ಹಾಕಿಸಿ ಹೊಡೆಸುತ್ತಿದ್ದವನು ಇದೇ ಉದೈ. ಆ ಕಥೆಗಳನ್ನು ಆಟಗಾರರೇ ಆಮೇಲೆ ಹೊರಗೆ ಹೇಳಿದರು, ಇಲ್ಲಿ ಬೇಡ. ಬಾಗ್ದಾದಿನಲ್ಲಿ 3-2ರಿಂದ ಗೆದ್ದ ಅಲ್ ರಶೀದ್ ಎರಡನೇ ಪಂದ್ಯವನ್ನು 0-1ರಿಂದ ಸೋತಿತು. ಒಟ್ಟು ಲೆಕ್ಕ 3-3. ಆದರೆ ಎದುರಾಳಿಯ ಊರಿನಲ್ಲಿ ಹೊಡೆದ ಗೋಲುಗಳ ನಿಯಮದಲ್ಲಿ ಕಪ್ಪು ಕತಾರಿನ ಅಲ್ ಸದ್ದ್ ಪಾಲಾಯಿತು. ಆ ಎರಡನೇ ಪಂದ್ಯ ನಡೆದ ಊರು ಯಾವುದು ಗೊತ್ತೇ? ದೋಹಾ.

1995ರಲ್ಲಿ ಅಲ್ ತಲಬಾ, ಕಪ್ ವಿನ್ನರ್ಸ್ ಕಪ್ ಫೈನಲ್, ಜಪಾನಿನ ತಂಡಕ್ಕೆ ಸೋಲು. 2000ದಲ್ಲಿ ಅಲ್ ಜವ್ರಾ, ಅದೇ ಟೂರ್ನಿಯ ಫೈನಲ್, ಮತ್ತೆ ಜಪಾನಿನ ತಂಡಕ್ಕೇ ಸೋಲು. 2012ರಲ್ಲಿ ಎರ್ಬಿಲ್ ತಂಡ ಎಎಫ್‌ಸಿ ಕಪ್ ಫೈನಲನ್ನು ತನ್ನದೇ ಊರಿನಲ್ಲಿ, ತನ್ನದೇ ಜನರೆದುರು ಕುವೈತಿನ ಕ್ಲಬ್ಬಿಗೆ 0-4ರಿಂದ ಕಳೆದುಕೊಂಡಿತು. 2014ರಲ್ಲಿ ಅದೇ ಎರ್ಬಿಲ್ ಮತ್ತೆ ಫೈನಲ್, ಮತ್ತೆ ಎದುರಿಗೆ ಕುವೈತಿನದೇ ಇನ್ನೊಂದು ತಂಡ ಅಲ್ ಖಾದ್ಸಿಯಾ, ಈ ಸಲ ಪೆನಾಲ್ಟಿಯಲ್ಲಿ ಸೋಲು.

ಎಣಿಸಿ ನೋಡಿ, ಆರು ಸಲ. ನಾವು 2016ರಲ್ಲಿ "ಮೊದಲ ಸಲ ಫೈನಲಿಗೆ ಬಂದೆವು" ಅಂತ ಸಂಭ್ರಮಿಸುವಾಗ ಎದುರಿಗೆ ನಿಂತವರ ಹಿಂದೆ 45 ವರ್ಷಗಳ ಖಾಲಿ ಕೈ ಇತ್ತು. ಇರಾಕಿನ ರಾಷ್ಟ್ರೀಯ ತಂಡ 2007ರಲ್ಲಿ ಜಕಾರ್ತದಲ್ಲಿ ಸೌದಿಯನ್ನು ಸೋಲಿಸಿ ಏಷ್ಯಾ ಕಪ್ ಗೆದ್ದಿತ್ತು, ಅದು ಬೇರೆ ಮಾತು. ಕ್ಲಬ್ಬುಗಳಿಗೆ ಮಾತ್ರ ಆ ಯೋಗ ಬಂದಿರಲೇ ಇಲ್ಲ.

ಬಾಗ್ದಾದಿನ ವಾಯುಪಡೆ ತಂಡ ಹುಟ್ಟಿದ್ದು 1931ರಲ್ಲಿ, ಇರಾಕಿನ ವಾಯುಪಡೆ ಹುಟ್ಟಿದ ವರ್ಷವೇ. ರಾಜನ ಆಳ್ವಿಕೆ, ಕ್ರಾಂತಿ, ಸದ್ದಾಂ, ಇರಾನ್ ಯುದ್ಧ, ಕುವೈತ್ ಯುದ್ಧ, ಅಮೆರಿಕದ ದಾಳಿ, ಎಲ್ಲವನ್ನೂ ದಾಟಿ ಉಳಿದ ಕ್ಲಬ್ ಅದು. ನಮ್ಮ ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಜೆಎಸ್‌ಡಬ್ಲ್ಯು ಕಂಪನಿಯ ದುಡ್ಡಿನಿಂದ. 85 ವರ್ಷದ ಅಜ್ಜನೂ ಮೂರು ವರ್ಷದ ಕೂಸೂ! ಕೂಸೇನೂ ಸಾಮಾನ್ಯದ್ದಲ್ಲ ಬಿಡಿ. ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದಿತ್ತು, 2016ರಲ್ಲಿ ಮತ್ತೊಮ್ಮೆ ಗೆದ್ದಿತ್ತು.

ಎಎಫ್‌ಸಿ ಕಪ್ ಅಂದರೆ ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿ, ಶುರುವಾಗಿದ್ದು 2004ರಲ್ಲಿ. ಜಪಾನ್, ಕೊರಿಯಾ, ಸೌದಿಗಳ ದೊಡ್ಡ ಕ್ಲಬ್ಬುಗಳು ಮೇಲಿನ ಚಾಂಪಿಯನ್ಸ್ ಲೀಗಿನಲ್ಲಿ ಆಡುತ್ತಿದ್ದವು, ಇದರಲ್ಲಿ ಅವರಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ನಾನು ಸುಳ್ಳು ಬರೆದ ಹಾಗೆ. ಆದರೂ ಅದುವರೆಗೆ ಭಾರತದ ಯಾವ ಕ್ಲಬ್ಬೂ ಅದರ ಫೈನಲ್ ಮುಟ್ಟಿರಲಿಲ್ಲ. 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲಿನಲ್ಲಿ ನಿಂತಿದ್ದವು. (2003ರಲ್ಲಿ ಈಸ್ಟ್ ಬೆಂಗಾಲ್ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದಿತ್ತಲ್ಲ ಅಂತ ಯಾರಾದರೂ ಬಂಗಾಳಿ ಗೆಳೆಯರು ಜಗಳಕ್ಕೆ ಬರುವ ಮುಂಚೆ ಹೇಳಿಬಿಡುತ್ತೇನೆ: ಹೌದು, ಥಾಯ್ಲೆಂಡಿನ ಬಿಇಸಿ ತೆರೊ ಸಾಸನವನ್ನು ಫೈನಲಿನಲ್ಲಿ 3-1ರಿಂದ ಸೋಲಿಸಿ ಗೆದ್ದಿತ್ತು, ಅದ್ಭುತವಾಗಿತ್ತು. ಆದರೆ ಅದು ಆಗ್ನೇಯ ಏಷ್ಯಾದ ಟೂರ್ನಿ, ಇಡೀ ಖಂಡದ್ದಲ್ಲ.)

ಇನ್ನೊಂದು ವಿಷಯವನ್ನು ಬೆಂಗಳೂರಿನ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ. 2012, 2013, 2014, ಮೂರು ವರ್ಷ ಸತತವಾಗಿ ಈ ಕಪ್ಪು ಕುವೈತಿನ ಕ್ಲಬ್ಬುಗಳ ಮನೆಗೇ ಹೋಗಿತ್ತು. 2015ರ ಅಕ್ಟೋಬರಿನಲ್ಲಿ, ಸರ್ಕಾರ ಫುಟ್‌ಬಾಲ್ ಆಡಳಿತದಲ್ಲಿ ಕೈಹಾಕುತ್ತಿದೆ ಅನ್ನುವ ಕಾರಣಕ್ಕೆ, ಫಿಫಾ ಕುವೈತನ್ನೇ ಅಮಾನತು ಮಾಡಿತು. ಆ ವರ್ಷದ ಎರಡೂ ಸೆಮಿಫೈನಲುಗಳಲ್ಲಿ ಕುವೈತಿನ ತಂಡಗಳಿದ್ದವು. ಅವು ಹೊರಬಿದ್ದವು, ಎದುರಾಳಿಗಳು ಹಾಗೇ ಫೈನಲಿಗೆ ದಾಟಿದವು. ಆ ಸಲ ಕಪ್ಪು ಗೆದ್ದಿದ್ದು ಮಲೇಷ್ಯಾದ ಜೋಹರ್ ದಾರುಲ್ ತಾಜಿಮ್. 2016ರಲ್ಲೂ ಕುವೈತಿಗಳಿಲ್ಲ. ಅಂದರೆ ಬಾಗ್ದಾದಿಗೂ ಬೆಂಗಳೂರಿಗೂ ದಾರಿಯ ದೊಡ್ಡ ಕಲ್ಲೊಂದು ತಾನಾಗಿ ಸರಿದಿತ್ತು. ಇದರಿಂದ ಇಬ್ಬರ ಸಾಧನೆಯೂ ಚಿಕ್ಕದಾಗುವುದಿಲ್ಲ, ಆದರೆ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಬೆಂಗಳೂರಿನ ಆ ವರ್ಷದ ಓಟ ಎರಡು ತುಂಡು. ಮೊದಲರ್ಧದಲ್ಲಿ ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಗುಂಪಿನಲ್ಲಿ ಜೋಹರ್ ವಿರುದ್ಧ ಎರಡು ಸಲವೂ ಸೋತು, ಉಳಿದವರನ್ನು ಸೋಲಿಸಿ ಎರಡನೇ ಸ್ಥಾನದಲ್ಲಿ ಹೇಗೋ ಮುಂದೆ ಬಂದರು. ಹಾಂಗ್‌ಕಾಂಗಿನಲ್ಲಿ ಕಿಚಿಯನ್ನು 3-2ರಿಂದ ಸೋಲಿಸಿದ ಮೇಲೆ ವೆಸ್ಟ್‌ವುಡ್ ಹೊರಟರು. ಜುಲೈನಲ್ಲಿ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಹಿಂದೆ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೈಕೆಳಗೆ ಸಹಾಯಕರಾಗಿದ್ದವರು, 2006ರಲ್ಲಿ ಬಾರ್ಸಿಲೋನಾ ಯುರೋಪಿನ ಕಪ್ಪು ಗೆದ್ದಾಗ ಅಲ್ಲಿದ್ದವರು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಆಡಿ, ಗಾಬರಿಯಲ್ಲಿ ಒದ್ದು ಕಳಿಸಬೇಡಿ ಅನ್ನುವ ಪಂಥ. ಕ್ವಾರ್ಟರ್‌ಫೈನಲಿನಲ್ಲಿ ಸಿಂಗಾಪುರದ ಟ್ಯಾಂಪೈನ್ಸ್ ರೋವರ್ಸ್ ವಿರುದ್ಧ ಸಿ.ಕೆ. ವಿನೀತ್ ಹೊಡೆದ ಒಂದೇ ಗೋಲಿನಿಂದ ದಾಟಿದರು. ಸೆಮಿಫೈನಲಿನಲ್ಲಿ ಮತ್ತೆ ಅದೇ ಜೋಹರ್. ಹಾಲಿ ಚಾಂಪಿಯನ್ನರು, ಹಿಂದೆ ನಮ್ಮನ್ನು ಪದೇ ಪದೇ ಸೋಲಿಸಿದವರು. ಮಲೇಷ್ಯಾದಲ್ಲಿ 1-1. ಯುಜೀನ್‌ಸನ್ ಲಿಂಗ್ಡೊ ಹೊಡೆದ ಗೋಲು ಅಲ್ಲಿ ಬೆಲೆಬಾಳುವಂಥದ್ದು.

ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೇ ಪಂದ್ಯ. ನೀವು ಬೆಂಗಳೂರಿನವರಾಗಿದ್ದು ಆ ದಿನ ಕಂಠೀರವಕ್ಕೆ ಹೋಗಿರದಿದ್ದರೆ ನಿಮ್ಮ ಬಗ್ಗೆ ನನಗೆ ಮರುಕವಿದೆ. ಹನ್ನೊಂದನೇ ನಿಮಿಷಕ್ಕೇ ಜೋಹರಿನ ಸಫೀಕ್ ರಹೀಮ್ ಗೋಲು ಹೊಡೆದ. ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಅಂಗಿ ತೊಟ್ಟು ಡೋಲು ಬಡಿಯುವ ಹುಡುಗರು (ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಅವರ ಗುಂಪಿನ ಹೆಸರು) ಒಂದು ಗಳಿಗೆ ಸುಮ್ಮನಾಗಿ ಮತ್ತೆ ಶುರು ಮಾಡಿದರು. ವಿರಾಮಕ್ಕೆ ಸ್ವಲ್ಪ ಮುಂಚೆ ಕಾರ್ನರಿನಿಂದ ಬಂದ ಚೆಂಡಿಗೆ ಸುನಿಲ್ ಛೆಟ್ರಿ ತಲೆಕೊಟ್ಟರು, 1-1. ಎರಡನೇ ಅರ್ಧದಲ್ಲಿ ಅವರೇ ಪೆನಾಲ್ಟಿ ಚೌಕದ ಹೊರಗಿನಿಂದ ಹೊಡೆದ ಚೆಂಡು ಬಲೆ ಸೇರಿತು. ಆಮೇಲೆ ಸ್ಪೇನಿನ ಡಿಫೆಂಡರ್ ಹುವಾನಾನ್ ಮೂರನೆಯದು. 3-1. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಎಎಫ್‌ಸಿ ಕಪ್ ಫೈನಲಿಗೆ! ನನಗೆ ಇವತ್ತಿಗೂ ಆ ಛೆಟ್ರಿಯ ಎರಡನೇ ಗೋಲೇ ಕಂಠೀರವದಲ್ಲಿ ಕಂಡ ಅತಿ ಚಂದದ ಗೋಲು. ಬೇರೆ ಅಭಿಪ್ರಾಯ ಇರುವವರು ಇರಲಿ.

ಆದರೆ ಆ ಸಂಭ್ರಮದಲ್ಲಿ ಒಂದು ಮುಳ್ಳು ಚುಚ್ಚಿತ್ತು. ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ಹಳದಿ ಕಾರ್ಡುಗಳ ಲೆಕ್ಕ ತುಂಬಿ ಫೈನಲ್ ತಪ್ಪಿತು. ಖಂಡದ ಫೈನಲಿಗೆ ಎರಡನೇ ಗೋಲ್‌ಕೀಪರ್, ಮಿಜೋರಾಮಿನ ಲಾಲ್‌ತುಅಮ್ಮಾವಿಯಾ ರಾಲ್ಟೆ, ನಿಲ್ಲಬೇಕಾಯಿತು.

ಈಗ ಫೈನಲ್ ದೋಹಾದಲ್ಲಿ ಯಾಕೆ ಅನ್ನುವ ಪ್ರಶ್ನೆ. ಬಹಳ ಜನ ಅದನ್ನು ತಟಸ್ಥ ಮೈದಾನ ಅಂದುಕೊಂಡರು. ಅಲ್ಲ. ಲೆಕ್ಕದಲ್ಲಿ ಅದು ವಾಯುಪಡೆ ತಂಡದ ತವರು ಮೈದಾನ! ಯುದ್ಧ, ಬಾಂಬುಗಳ ಕಾರಣಕ್ಕೆ ಇರಾಕಿನಲ್ಲಿ ಅಂತರರಾಷ್ಟ್ರೀಯ ಪಂದ್ಯ ನಡೆಸುವ ಹಾಗಿರಲಿಲ್ಲ. ನಡುವೆ ಒಂದೆರಡು ಸಲ ಅವಕಾಶ ಕೊಟ್ಟಿದ್ದರು (2012ರ ಎರ್ಬಿಲ್ ಫೈನಲ್ ಅಂಥದ್ದೊಂದು), ಮತ್ತೆ ಕಿತ್ತುಕೊಂಡಿದ್ದರು. ಹಾಗಾಗಿ ಬಾಗ್ದಾದಿನ ಈ ಕ್ಲಬ್ ಆ ವರ್ಷದ ಟೂರ್ನಿಯ ತನ್ನ 'ತವರಿನ' ಪಂದ್ಯಗಳನ್ನೆಲ್ಲ ಪರದೇಶದ ದೋಹಾದಲ್ಲಿ ಆಡಿತು. ಸೆಮಿಫೈನಲಿನಲ್ಲಿ ಲೆಬನಾನಿನ ಅಲ್ ಅಹದ್ ತಂಡವನ್ನು ದಾಟಿ ಬಂದಿದ್ದೂ ಹಾಗೆಯೇ. ಫೈನಲಿಗೆ ಹತ್ತೊಂಬತ್ತು ದಿನ ಮುಂಚೆ, ಅಕ್ಟೋಬರ್ 17ರಂದು, ಐಸಿಸ್ ಕೈಯಿಂದ ಮೊಸುಲ್ ನಗರವನ್ನು ಬಿಡಿಸಿಕೊಳ್ಳುವ ಯುದ್ಧ ಶುರುವಾಗಿತ್ತು. ಕ್ಲಬ್ಬಿನ ಹೆಸರು ಹೊತ್ತ ಆ ದೇಶದ ವಾಯುಪಡೆ ಅಲ್ಲಿ ನಿಜವಾದ ಯುದ್ಧ ಮಾಡುತ್ತಿತ್ತು. ಆಟಗಾರರು ದೋಹಾದಲ್ಲಿ ಚೆಂಡು ಒದೆಯುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಒಂಥರಾ ಆಗುತ್ತದೆ.

ನಮ್ಮ ಪತ್ರಿಕೆಗಳು ಆಗ ಛೆಟ್ರಿಯ ಬಗ್ಗೆ ಪುಟ ತುಂಬಿಸಿದವು. ಮೊಸುಲಿನ ಸುದ್ದಿ ವಿದೇಶ ಪುಟದಲ್ಲಿ, ಫುಟ್‌ಬಾಲಿನ ಸುದ್ದಿ ಕ್ರೀಡಾ ಪುಟದಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ಬರೆದದ್ದು ನನ್ನ ಕಣ್ಣಿಗಂತೂ ಬೀಳಲಿಲ್ಲ.

ಪಂದ್ಯದ ರಾತ್ರಿ ಕ್ರೀಡಾಂಗಣದಲ್ಲಿ ಆರು ಸಾವಿರದ ಆಸುಪಾಸು ಜನ. ಕತಾರಿನಲ್ಲಿ ನೆಲೆಸಿದ ಇರಾಕಿಗಳು ಒಂದು ಕಡೆ, ಅಲ್ಲಿ ದುಡಿಯುವ ಭಾರತೀಯರು ಇನ್ನೊಂದು ಕಡೆ. ಮನೆ ಬಿಟ್ಟು ಬಂದವರೇ ಎರಡೂ ಕಡೆ. ನಾನು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆ. ಊಟದ ತಟ್ಟೆ ಕೈಯಲ್ಲಿತ್ತು, ಊಟ ಮಾಡಿದ ನೆನಪಿಲ್ಲ.

ನಿಜ ಹೇಳಬೇಕೆಂದರೆ ಮೊದಲಿನಿಂದಲೂ ಮೇಲುಗೈ ಅವರದ್ದೇ. ಎತ್ತರ, ಮೈಕಟ್ಟು, ಓಟ, ಎಲ್ಲದರಲ್ಲೂ ಇರಾಕಿಗಳು ಒಂದು ಕೈ ಮುಂದಿದ್ದರು. ರೋಕಾ ಕಲಿಸಿದ ಸಣ್ಣ ಸಣ್ಣ ಪಾಸುಗಳ ಆಟ ನಡುಮೈದಾನದಲ್ಲಿ ಅಲ್ವಾರೊ ರುಬಿಯೊ, ಕ್ಯಾಮರಾನ್ ವಾಟ್ಸನ್, ಲಿಂಗ್ಡೊ ಕಾಲಲ್ಲಿ ಕಾಣಿಸುತ್ತಿತ್ತು, ಆದರೆ ಗೋಲಿನ ಹತ್ತಿರ ಹೋಗುವಷ್ಟರಲ್ಲಿ ಕರಗುತ್ತಿತ್ತು. ಛೆಟ್ರಿಗೆ ಉಸಿರಾಡಲು ಜಾಗ ಬಿಡಲಿಲ್ಲ. ಹಿಂದೆ ಜಾನ್ ಜಾನ್ಸನ್, ಹುವಾನಾನ್ ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಅವರ ಹಿಂದೆ ರಾಲ್ಟೆ. ಯಾರನ್ನು ನೋಡಿ ನಾವು ಗಾಬರಿಯಾಗಿದ್ದೆವೋ ಆ ಎರಡನೇ ಗೋಲ್‌ಕೀಪರ್ ಆ ರಾತ್ರಿ ಚೆಂಡಿನ ಮೇಲೆ ಚೆಂಡು ತಡೆದ. ಅವನಿಲ್ಲದಿದ್ದರೆ ವಿರಾಮದ ಹೊತ್ತಿಗೇ ಪಂದ್ಯ ಮುಗಿದುಹೋಗುತ್ತಿತ್ತು ಅಂತಲೇ ನನ್ನ ಅಭಿಪ್ರಾಯ. ಸೋತ ತಂಡದ ಬಗ್ಗೆ ಬರೆಯುವಾಗ ಅಮರಿಂದರ್ ಇದ್ದಿದ್ದರೆ ಅಂತ ಹಲುಬುವವರು ಈ ಹುಡುಗನಿಗೆ ಅನ್ಯಾಯ ಮಾಡುತ್ತಾರೆ.

71ನೇ ನಿಮಿಷ. ಅಮ್ಜದ್ ರಾಧಿ ಚೆಂಡು ಕೊಟ್ಟ, ಗೋಲಿನ ಮುಂದಿದ್ದ ಹಮ್ಮಾದಿ ಅಹ್ಮದ್ ಬಲೆಗೆ ತಳ್ಳಿದ. ಅಷ್ಟೇ. ಆ ಟೂರ್ನಿಯಲ್ಲಿ ಹಮ್ಮಾದಿಯ 16ನೇ ಗೋಲು ಅದು. ಅತಿ ಹೆಚ್ಚು ಗೋಲಿನ ಪ್ರಶಸ್ತಿ, ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಎರಡೂ ಅವನಿಗೇ ಬಂದವು. ಒಬ್ಬನೇ ಒಂದು ಟೂರ್ನಿಯಲ್ಲಿ ಹದಿನಾರು ಗೋಲು ಹೊಡೆದವನನ್ನು ಎಪ್ಪತ್ತು ನಿಮಿಷ ತಡೆದಿದ್ದೇ ನಮ್ಮವರ ಸಾಧನೆ ಅಂತ ನಾನು ಲೆಕ್ಕ ಹಾಕುತ್ತೇನೆ. ಉಳಿದ ಇಪ್ಪತ್ತು ನಿಮಿಷ ಬೆಂಗಳೂರು ಎದ್ದು ಓಡಿತು, ಗೋಲು ಬರಲಿಲ್ಲ.

ಸೀಟಿ ಊದಿದಾಗ ಛೆಟ್ರಿ ಮತ್ತು ಗೆಳೆಯರು ಹುಲ್ಲಿನ ಮೇಲೆ ಕುಸಿದು ಕೂತರು. ಕ್ಯಾಮೆರಾ ಅವರ ಮೇಲೆ ನಿಂತಿತ್ತು, ನಮ್ಮ ಕಣ್ಣೂ ಅಲ್ಲೇ. ಅದೇ ಹೊತ್ತಿಗೆ ಮೈದಾನದ ಇನ್ನೊಂದು ಕಡೆ ಇರಾಕಿನ ಕ್ಲಬ್ಬೊಂದು ಮೊದಲ ಸಲ ಏಷ್ಯಾದ ಕಪ್ಪೊಂದನ್ನು ಎತ್ತಲು ತಯಾರಾಗುತ್ತಿತ್ತು. 1989ರಲ್ಲಿ ಅಲ್ ರಶೀದ್ ಕಪ್ಪು ಕಳೆದುಕೊಂಡ ಊರಿನಲ್ಲೇ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮುಂದಿನ ಎರಡು ವರ್ಷ ನೋಡಿ.

2017ರಲ್ಲಿ ಬೆಂಗಳೂರು ಮತ್ತೆ ಎಎಫ್‌ಸಿ ಕಪ್ ಆಡಿತು, ಮತ್ತೆ ದೂರ ಹೋಯಿತು. ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ಕಂಠೀರವದಲ್ಲಿ 3-0ಯಿಂದ ಬಡಿದು, ಆಮೇಲೆ ಪ್ಯೊಂಗ್‌ಯಾಂಗಿಗೇ ಹೋಗಿ 0-0 ಮಾಡಿಕೊಂಡು ಬಂದರು. ಕಿಮ್ ಜೊಂಗ್ ಉನ್ ಕ್ಷಿಪಣಿಗಳನ್ನು ಹಾರಿಸುತ್ತಿದ್ದ ದಿನಗಳವು. ನಮ್ಮ ಹುಡುಗರು ಅಲ್ಲಿ ಫುಟ್‌ಬಾಲ್ ಆಡುತ್ತಿದ್ದರು! (ಅದರದ್ದೇ ಒಂದು ಪ್ರತ್ಯೇಕ ಬರಹ ಆಗುತ್ತದೆ.) ಫೈನಲಿಗೆ ಒಂದೇ ಮೆಟ್ಟಿಲು ಇದ್ದಾಗ ತಜಿಕಿಸ್ತಾನದ ಇಸ್ತಿಕ್ಲೋಲ್ ಅಡ್ಡ ಬಂತು. ದುಶಾನ್ಬೆಯಲ್ಲಿ 0-1, ಬೆಂಗಳೂರಿನಲ್ಲಿ 2-2. ಇಸ್ತಿಕ್ಲೋಲ್ ಫೈನಲಿಗೆ ಹೋಯಿತು. ಎದುರಿಗೆ ಯಾರು? ಬಾಗ್ದಾದಿನ ವಾಯುಪಡೆ. ಫೈನಲ್ ತಜಿಕಿಸ್ತಾನದ ಹಿಸೋರಿನಲ್ಲಿ, ಇಸ್ತಿಕ್ಲೋಲ್ ಜನರೆದುರೇ. ವಾಯುಪಡೆ 1-0.

2018. ಆ ಹೊತ್ತಿಗೆ ಬೆಂಗಳೂರು ಐ-ಲೀಗ್ ಬಿಟ್ಟು ಐಎಸ್‌ಎಲ್ ಸೇರಿತ್ತು. ಈ ಸಲ ತುರ್ಕ್‌ಮೆನಿಸ್ತಾನದ ಅಲ್ತಿನ್ ಅಸಿರ್. ಕಂಠೀರವದಲ್ಲಿ 2-3, ಅಶ್ಗಾಬಾತಿನಲ್ಲಿ 0-2. ಅಲ್ತಿನ್ ಅಸಿರ್ ಕೂಡ ಫೈನಲಿಗೆ ಹೋಯಿತು. ಎದುರಿಗೆ ಮತ್ತೆ ಯಾರು ಅಂತ ನಾನು ಹೇಳಬೇಕೇ?

ಮೂರು ವರ್ಷ, ಮೂರು ಸೋಲು. ಒಂದು ಸಲ ನೇರವಾಗಿ ವಾಯುಪಡೆಗೇ, ಉಳಿದೆರಡು ಸಲ ವಾಯುಪಡೆಗೆ ಫೈನಲಿನಲ್ಲಿ ಸೋತವರಿಗೆ. ಸತತ ಮೂರು ಸಲ ಎಎಫ್‌ಸಿ ಕಪ್ ಗೆದ್ದ ಕ್ಲಬ್ ಇದೊಂದೇ. ದೋಹಾದ ಸೋಲನ್ನು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಹೇಳುವುದನ್ನು ನಾನು ಆಮೇಲೆ ಬಿಟ್ಟೆ. ಆ ತುತ್ತು ನಮ್ಮ ಕೈಗೆ ಅಷ್ಟು ಹತ್ತಿರವೇನೂ ಬಂದಿರಲಿಲ್ಲ. ನಾವು ಆ ಕಾಲದ ಬಲವಾದ ತಂಡಕ್ಕೆ, ಅದು ಎದ್ದು ನಿಂತ ಮೊದಲ ರಾತ್ರಿ, ಒಂದೇ ಗೋಲಿನಿಂದ ಸೋತಿದ್ದೆವು. ಅದಾದ ಮೇಲೆ ಭಾರತದ ಬೇರೆ ಯಾವ ಕ್ಲಬ್ಬೂ ಎಎಫ್‌ಸಿ ಕಪ್ ಫೈನಲ್ ತಲುಪಲಿಲ್ಲ. ಇನ್ನು ತಲುಪುವ ಹಾಗೂ ಇಲ್ಲ, ಯಾಕೆಂದರೆ ಆ ಟೂರ್ನಿಯೇ 2024ರಲ್ಲಿ ಮುಗಿಯಿತು. ಅದರ ಜಾಗದಲ್ಲಿ ಚಾಂಪಿಯನ್ಸ್ ಲೀಗ್ ಟೂ ಅಂತ ಬೇರೆ ಹೆಸರಿನದ್ದು ಬಂತು.

2018ರ ಆ ಮೂರನೇ ಫೈನಲ್ ಬಗ್ಗೆ ಒಂದು ಮಾತು ಉಳಿದಿದೆ. ಆ ವರ್ಷದ ಮಾರ್ಚಿನಲ್ಲಿ ಫಿಫಾ ಇರಾಕಿನ ಮೇಲಿನ ನಿಷೇಧವನ್ನು ಮೂರು ಊರುಗಳ ಮಟ್ಟಿಗೆ ತೆಗೆದಿತ್ತು: ಎರ್ಬಿಲ್, ಕರ್ಬಲಾ, ಬಸ್ರಾ. ಹಾಗಾಗಿ ಅಕ್ಟೋಬರ್ 27ರಂದು ಫೈನಲ್ ಬಸ್ರಾದಲ್ಲಿ ನಡೆಯಿತು. ಹಮ್ಮಾದಿ ಆ ತಂಡದಲ್ಲೂ ಇದ್ದ. ವಾಯುಪಡೆ 2-0ಯಿಂದ ಗೆದ್ದು ಮೊದಲ ಸಲ ತನ್ನ ದೇಶದ ನೆಲದ ಮೇಲೆ ಆ ಕಪ್ಪನ್ನು ಎತ್ತಿತು. ಬಾಗ್ದಾದಿನ ಹೆಸರು ಫಿಫಾದ ಆ ಪಟ್ಟಿಯಲ್ಲಿ ಇರಲಿಲ್ಲ. ಬಾಗ್ದಾದಿನಿಂದ ಬಸ್ರಾಕ್ಕೆ ಐನೂರು ಕಿಲೋಮೀಟರ್ ಆಸುಪಾಸು, ನಮ್ಮ ಬೆಂಗಳೂರಿನಿಂದ ಬೆಳಗಾವಿಗೆ ಇರುವಷ್ಟು ದೂರ.